ಪತ್ರಿಗುಡ್ಡದಲ್ಲಿ ಕಳೆದದ್ದು

ಪಚಕ್.

ಕೆಸರಿನೊಳಗಿಂದ ಕಾಲು ಕೀಳುವ ಸದ್ದು ಅದು. ನೆಲ ಮೊದಲು ಹಿಮ್ಮಡಿಯನ್ನು ಮೆಲ್ಲಗೆ ಒಳಗೆಳೆದುಕೊಳ್ಳುತ್ತದೆ. ಬಿಡಲೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿ, ಒಲ್ಲದ ಮನಸ್ಸಿನಿಂದ ಬಿಡುತ್ತದೆ. ನನಗಾಗ ಆರೋ ಏಳೋ ವರ್ಷ. ಮುಂದೆ ಅಕ್ಕ, ಲಂಗವನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದ್ದಾಳೆ. ಅವಳದೊಂದು ದೊಡ್ಡ ಪಚಕ್, ಅದರ ಹಿಂದೆ ನನ್ನದೊಂದು ಸಣ್ಣ ಪಚಕ್.

"ಗುಡ್ಡ ಮುದ್ದು ಕೊಡಾಕತ್ತದ ನೋಡು," ಅನ್ನುತ್ತಿದ್ದಳು ಅಕ್ಕ. "ಕೊಡ್ಲಿ ಬಿಡು. ಆದ್ರ ನಿಂತು ಕೊಡಿಸ್ಕೋಬ್ಯಾಡ. ನಿಂತ್ರ ನುಂಗ್ತದ."

ಈಗ ನನಗೆ ಎಪ್ಪತ್ತೆರಡು. ತಾಂಡೂರಿನ ನನ್ನ ಅಡುಗೆಮನೆಯಲ್ಲಿ ಚಪಾತಿ ಹಿಟ್ಟಿಗೆ ನೀರು ಜಾಸ್ತಿಯಾದ ದಿನ, ಕೈ ಹೊರಗೆ ತೆಗೆಯುವಾಗ ಅದೇ ಸದ್ದು ಬರುತ್ತದೆ. ಆಗೆಲ್ಲ ಕೈ ತೊಳೆದುಕೊಂಡು ಹೊರಗೆ ಬಂದು ಸ್ವಲ್ಪ ಹೊತ್ತು ಕೂತುಬಿಡುತ್ತೇನೆ.

ಮನೂರಿನಿಂದ ಒಳಗೆ, ಶೇರ್ ಆಟೋ ಕೂಡ ಮುಂದೆ ಹೋಗದೆ ತಿರುಗಿ ನಿಲ್ಲುವ ಜಾಗದಲ್ಲಿ ನಮ್ಮೂರು. ಊರಿನ ಹಿಂದೆ ಜೋಳದ ಹೊಲ, ತೊಗರಿ ಹೊಲ, ಅದನ್ನು ದಾಟಿದರೆ ಮೈಲುಗಟ್ಟಲೆ ಹುಲ್ಲು. ಮನೆಯಿಲ್ಲ, ಮರವಿಲ್ಲ, ಗಾಳಿ ಒಂದೇ ಸಮ. ಆ ಹುಲ್ಲಿನ ನಡುವೆ ಪತ್ರಿಗುಡ್ಡ. ಗುಡ್ಡ ಎಂದರೆ ದೊಡ್ಡದೇನಲ್ಲ, ಬೇಸಿಗೆಯಲ್ಲಿ ಹತ್ತು ನಿಮಿಷಕ್ಕೆ ಹತ್ತಿ ಇಳಿಯಬಹುದು. ಆದರೆ ಶ್ರಾವಣದಲ್ಲಿ ಅದೊಂದು ಬೇರೆಯೇ ಪ್ರಾಣಿ. ಕೆಂಪು ಮುರುಮಿನ, ಎಂದರೆ ಜಲ್ಲಿಮಣ್ಣಿನ ಗುಡ್ಡ, ಸ್ಪಂಜಿನ ಹಾಗೆ ಮಳೆಯನ್ನೆಲ್ಲ ಕುಡಿದು, ತನ್ನ ಸೊಂಟದ ಸುತ್ತ ಅದನ್ನು ಜಿನುಗಿಸುತ್ತದೆ. ಬುಡ ಗಟ್ಟಿ, ನೆತ್ತಿ ಗಟ್ಟಿ, ನಡುವೆ ಮಾತ್ರ ಪೂರ್ತಿ ಜೌಗು. ಅಲ್ಲಿ ಎಮ್ಮೆಯೊಂದು ಹೊಟ್ಟೆಯ ತನಕ ಹೂತು, ಅದನ್ನು ಎಳೆಯಲು ಎಂಟು ಜನ ಬೇಕಾದದ್ದನ್ನು ನಾನೇ ನೋಡಿದ್ದೇನೆ. ನೆತ್ತಿಯ ಮೇಲೆ ಒಂದೇ ಒಂದು ಬಿಲ್ವಪತ್ರಿಯ ಗಿಡ. ಸುತ್ತಲ ಊರುಗಳಲ್ಲಿ ಪತ್ರಿ ಸಿಗುತ್ತಿದ್ದದ್ದು ಅದೊಂದರಲ್ಲೇ. ಶ್ರಾವಣ ಸೋಮವಾರ ಪೂಜೆಗೆ ಪತ್ರಿ ಬೇಕೆಂದರೆ ಸೊಂಟದ ಕೆಸರು ದಾಟಲೇಬೇಕು.

ದಾಟುವುದಕ್ಕೆ ಅಕ್ಕನ ಹತ್ತಿರ ಎರಡೇ ರೂಲ್ಸ್. ಒಂದು, ಬರಿಗಾಲಲ್ಲಿ ಬರಬೇಕು. ಎರಡು, ಎಲ್ಲಿ ಹುಲ್ಲು ಕಣ್ಣು ಕುಕ್ಕುವಷ್ಟು ಹಸಿರಾಗಿದೆಯೋ ಅಲ್ಲಿ ಕಾಲಿಡಬಾರದು. "ಚೆಂದ ಕಂಡಲ್ಲಿ ಆಳ ಇರ್ತದ. ಒಣಗಿದ್ದು, ಕೆಂಪಗಿದ್ದು, ಮಾರಿ ಸೊಟ್ಟ ಮಾಡ್ಕೊಂಡದ್ದು, ಅಂಥಾದ್ರ ಮ್ಯಾಲ ಕಾಲಿಡು."

ಮುಂದೆ ನಾನು ಶಹರದ ಕಾನ್ವೆಂಟಿನ ಹಾಸ್ಟೆಲ್ ಸೇರಿದ ಮೇಲೆ, ಇಂಗ್ಲಿಷ್ ಪಾಠವೊಂದರಲ್ಲಿ 'ಮೂರ್' ಎಂಬ ಪದ ಬಂತು. ಜೊತೆಗೇ 'ಬಾಗ್'. ನಮ್ಮ ಸಿಸ್ಟರ್ ಗಾಳಿಯಲ್ಲಿ ಕೈಯಾಡಿಸಿ ವಿವರಿಸುತ್ತಿದ್ದರು, ಮರವಿಲ್ಲದ ಬಯಲು, ಒದ್ದೆ ನೆಲ, ಮೋಡ. ಇಡೀ ಕ್ಲಾಸು ಕಣ್ಣು ಪಿಳಿಪಿಳಿ. ನಾನು ಎದ್ದು ನಿಂತು, "ಸಿಸ್ಟರ್, ವಿ ಹ್ಯಾವ್ ಒನ್ ಅಟ್ ಹೋಮ್" ಅಂದೆ. ಎಲ್ಲರೂ ನಕ್ಕರು, ಮನೆಯಲ್ಲಿ ನಾಯಿ ಇದೆ ಎಂದ ಹಾಗೆ ಹೇಳಿದೆನಂತೆ. ರಜೆಯಲ್ಲಿ ಅಕ್ಕನಿಗೆ ಹೇಳಿದಾಗ ಅವಳು ನಗಲಿಲ್ಲ. "ಇಂಗ್ಲಿಷಿನಾಗೂ ಅದಕ್ಕ ಹೆಸರು ಅದ ಅಂದಂಗಾತು," ಅಂದಳು, ಗುಡ್ಡಕ್ಕೇ ಯಾರೋ ಮರ್ಯಾದೆ ಕೊಟ್ಟರು ಎಂಬ ಹಾಗೆ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವಳನ್ನು ಓದಿಸಲಿಲ್ಲ. ಊರೊಳಗೇ ಸೋದರಮಾವನಿಗೆ ಕೊಟ್ಟರು. ಹಾಗಾಗಿ ಅವಳ ಪೂರ್ತಿ ಆಯುಷ್ಯ ಆ ಗುಡ್ಡದ ಬುಡದಲ್ಲೇ ಕಳೆಯಿತು. ನನ್ನನ್ನು ಮಾತ್ರ ಅಪ್ಪ ಟ್ರಂಕು ಹೊರಿಸಿ ಕಳಿಸಿದರು. ಕಳಿಸುವ ಮೊದಲು ಅಯ್ಯನವರನ್ನು ಕರೆಸಿ ನನಗೆ ಲಿಂಗದೀಕ್ಷೆ ಕೊಡಿಸಿದರು. ಅಕ್ಕನಿಗೆ ಆಗಲೇ ಆಗಿತ್ತು, ಆದರೆ ಅವಳ ಲಿಂಗ ಬಟ್ಟೆಯ ಗಂಟಿನಲ್ಲಿತ್ತು. ಅಜ್ಜಿಯ ಬೆಳ್ಳಿ ಕಡಗ ಕರಗಿಸಿ, ಜಹೀರಾಬಾದಿನ ಅಕ್ಕಸಾಲಿಯ ಹತ್ತಿರ ಇಬ್ಬರಿಗೂ ಒಂದೇ ಅಚ್ಚಿನ ಎರಡು ಕರಡಿಗೆ ಮಾಡಿಸಿದರು. ಕರಡಿಗೆ ಎಂದರೆ ಲಿಂಗ ಇಡುವ ಬೆಳ್ಳಿಯ ಸಣ್ಣ ಭರಣಿ, ನಿಂಬೆಹಣ್ಣಿನಷ್ಟು. ಶಿವದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತೇವೆ. ದಿನಾ ಸ್ನಾನವಾದ ಮೇಲೆ ಒಳಗಿನ ಲಿಂಗವನ್ನು ಎಡಗೈಯಲ್ಲಿಟ್ಟು ಪೂಜೆ ಮಾಡಬೇಕು. ಪೂಜೆಯಾಗದೆ ಬಾಯಿಗೆ ನೀರೂ ಹಾಕುವಂತಿಲ್ಲ. ಒಬ್ಬರದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಕಳೆದುಕೊಂಡರೆ, ಸಿಗುವ ತನಕ ಊಟವಿಲ್ಲ. ಸಿಗದಿದ್ದರೆ? ಹೀಗೆ ನಾನು ಕೇಳಿದ್ದೆ. ಉತ್ತರ ಕೊಟ್ಟದ್ದು ಅಕ್ಕ. "ಸಿಗದಿದ್ರ ನಾವೂ ಹೋಗೋದು, ಅಷ್ಟ."

ಹಾಸ್ಟೆಲಿನಲ್ಲಿ ಸ್ನಾನಕ್ಕೆ ಸಾಲು ನಿಂತಾಗ ಹುಡುಗಿಯರು ನನ್ನ ಕೊರಳು ನೋಡಿದರು. ಒಬ್ಬಳು "ಲುಕ್, ಶಿ ಹ್ಯಾಸ್ ಅ ಟೈನಿ ಟಿಫಿನ್ ಬಾಕ್ಸ್" ಅಂದಳು. ಅಷ್ಟೇ. ಯಾರೂ ಬಯ್ಯಲಿಲ್ಲ, ಸಿಸ್ಟರ್‌ಗಳು ತೆಗೆ ಎನ್ನಲಿಲ್ಲ. ತೆಗೆದದ್ದು ನಾನೇ. ಸಂಜೆ ಅದನ್ನು ಟ್ರಂಕಿನ ತಳಕ್ಕೆ, ಉಲನ್ ಸ್ವೆಟರಿನ ಒಳಗೆ ಸುತ್ತಿಟ್ಟೆ. ಆಮೇಲೆ ರಜೆಗೆ ಊರಿಗೆ ಬರುವಾಗ ಜಹೀರಾಬಾದ್ ಬಸ್ ಸ್ಟ್ಯಾಂಡಿನಲ್ಲಿ ತೆಗೆದು ಹಾಕಿಕೊಳ್ಳುವುದು, ತಿರುಗಿ ಹೋಗುವಾಗ ಅಲ್ಲೇ ಬಿಚ್ಚಿಡುವುದು. ನಾಚಿಕೆಯ ಮಾತು, ಆದರೆ ಇದು ಅಭ್ಯಾಸವಾಗಿ ಅರವತ್ತು ವರ್ಷ ನಡೆಯಿತು. ಮದುವೆಯಾಗಿ ತಾಂಡೂರಿಗೆ ಬಂದೆ, ಗಂಡನ ಹಾಸುಗಲ್ಲಿನ ವ್ಯಾಪಾರ, ನನ್ನ ಸ್ಕೂಲಿನ ನೌಕರಿ, ಮಕ್ಕಳು. ಕರಡಿಗೆ ಹ್ಯಾಂಡ್‌ಬ್ಯಾಗಿನ ಜಿಪ್ಪಿನ ಜೇಬಿನಲ್ಲಿ, ಊರಿಗೆ ಹೋಗುವ ದಿನ ಮಾತ್ರ ಕೊರಳಲ್ಲಿ.

ಒಮ್ಮೆ ಸಿಕ್ಕಿಬಿದ್ದಿದ್ದೆ. ಹನ್ನೆರಡು ವರ್ಷ ನನಗೆ. ಬಸ್ ತಡವಾದ ಗಡಿಬಿಡಿಯಲ್ಲಿ ಹಾಕಿಕೊಳ್ಳುವುದನ್ನು ಮರೆತು ಬರಿಗೊರಳಲ್ಲಿ ಅಂಗಳಕ್ಕೆ ಬಂದುಬಿಟ್ಟೆ. ಅಪ್ಪ ಕಟ್ಟೆಯ ಮೇಲೆ ಕೂತಿದ್ದರು. "ಲಿಂಗ ಎಲ್ಲೈತಿ?" ಅಂದರು. ಅಕ್ಕ ಒಳಗಿನಿಂದಲೇ, "ಹೊಸ ದಾರ ಹಾಕಾಕ ಬಿಚ್ಚಿಟ್ಟಾಳ್ರಿ ಅಪ್ಪಾ," ಅಂದಳು. ಒಂದು ಕ್ಷಣವೂ ತಡಮಾಡಲಿಲ್ಲ. ಅವಳು ಸುಳ್ಳು ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಅಂದು ಮಧ್ಯಾಹ್ನ ಅವಳು ಊಟಕ್ಕೆ ಬರಲಿಲ್ಲ. ಹಿತ್ತಲಲ್ಲಿ ಸಜ್ಜೆ ಕೇರುತ್ತಿದ್ದಳು. "ಬಾ, ಅಕ್ಕಾ" ಎಂದು ಕರೆದೆ.

"ಸುಳ್ಳು ಹೇಳಿದ ಬಾಯಿಗಿ ಉಣಸಬಾರ್ದು," ಅಂದಳು. "ಒಂದ್ ಹೊತ್ತು ಬಿಟ್ರ ತೀರ್ತದ. ನೀ ಉಣ್ಣು ಹೋಗು ಮೇಮ್‌ಸಾಬ್."

ನಾನು ಹೋಗಿ ಉಂಡೆ. ಹೋಳಿಗೆ ಇತ್ತು ಅವತ್ತು, ಎರಡು ತಿಂದೆ. ಅದು ಇವತ್ತಿಗೂ ನೆನಪಿದೆ.

ಈಗ ಹೇಳಬೇಕಾದದ್ದು ಮೊನ್ನೆ ಮೊನ್ನೆಯದು. ಎರಡು ವರ್ಷವಾಯಿತು. ಶ್ರಾವಣದ ಎರಡನೆಯ ಸೋಮವಾರಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ತಾಂಡೂರಿನಿಂದ ಜಹೀರಾಬಾದ್, ಅಲ್ಲಿಂದ ನಾವು ಬರೀ ಖೇಡ್ ಎನ್ನುವ ನಾರಾಯಣಖೇಡ, ಅಲ್ಲಿಂದ ಆಟೋ. ಜಹೀರಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಜಿಪ್ಪು ತೆಗೆದು ಕರಡಿಗೆ ಹಾಕಿಕೊಂಡೆ, ಎಂದಿನ ಹಾಗೆ. ಅಕ್ಕನಿಗೆ ಎಪ್ಪತ್ತಾರು, ಗಂಡ ಹೋಗಿ ಎಷ್ಟೋ ವರ್ಷ. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ. ಆದರೂ ಪತ್ರಿ ತರುವುದು ಮಾತ್ರ ಅವಳೇ. ಅದನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

"ನಾನೂ ಬರ್ತೀನಿ," ಅಂದೆ.

ಅವಳು ನನ್ನ ಕಾಲು ನೋಡಿದಳು. ಮಗಳು ಕೊಡಿಸಿದ ವಾಕಿಂಗ್ ಶೂ ಹಾಕಿದ್ದೆ, ಬಿಳಿಯದು. "ಇವೇನು, ಮದವಿಗಿ ಹೊಂಟೀ? ಬಿಚ್ಚು."

"ಡಾಕ್ಟರ್ ಬರಿಗಾಲಲ್ಲಿ ನಡೀಬ್ಯಾಡ ಅಂದಾರ. ಗ್ರಿಪ್ ಛಲೋ ಅದ ಇದರದು."

"ಗ್ರಿಪ್ಪಾ!" ಅಕ್ಕ ಸೊಸೆಯ ಕಡೆ ತಿರುಗಿದಳು. "ಕೇಳ್ದ್ಯಾ? ನಮ್ಮ ಗುಡ್ಡಕ್ಕ ಈಕಿ ಗ್ರಿಪ್ ಕಲಸ್ತಾಳಂತ."

ಶೂ ಬಿಚ್ಚಲಿಲ್ಲ ನಾನು. ಇದನ್ನು ಬರೆಯುವಾಗಲೂ ಆ ಸಾಲಿನ ಮೇಲೆ ಪೆನ್ನು ನಿಲ್ಲುತ್ತದೆ. ಬಿಚ್ಚಲಿಲ್ಲ.

ಮಳೆ ನಿಂತು ಮೋಡ ಕೆಳಗೆ ಇಳಿದಿತ್ತು. ಸೊಂಟದ ಜೌಗು ಬಂದಾಗ ಅಕ್ಕ ಕೋಲು ಊರಿ ಮುಂದೆ, ನಾನು ಹಿಂದೆ. ಅರವತ್ತು ವರ್ಷದ ಹಿಂದಿನದೇ ಕ್ರಮ. ಆದರೆ ಬರಿಗಾಲಿಗೆ ನೆಲ ಹೇಳುವುದು ಶೂಗೆ ಕೇಳುವುದಿಲ್ಲ. ಅವಳು ಇಟ್ಟ ಹೆಜ್ಜೆಯಿಂದ ಒಂದು ಗೇಣು ಆಚೆ ಇಟ್ಟೆ, ಹುಲ್ಲು ಮೆತ್ತಗೆ ಕಂಡಿತು, ಚೆಂದ ಹಸಿರು. ಬಲಗಾಲು ಮೊಣಕಾಲಿನ ತನಕ ಒಳಗೆ ಹೋಯಿತು. ತೆಗೆಯಲು ಹೋದರೆ ಶೂ ಒಳಗೇ ಹಿಡಿದುಕೊಂಡಿದೆ. ಎಡಗಾಲೂ ಜಾರಿತು. ಪ್ಯಾನಿಕ್ ಎನ್ನುತ್ತಾರಲ್ಲ, ಅದು. ಅಕ್ಕನ ಮೈಮೇಲೆ ಬಿದ್ದು ಕೈಗೆ ಸಿಕ್ಕಿದ್ದನ್ನು ಹಿಡಿದೆ. ಸೆರಗೋ, ಭುಜವೋ, ಕೊರಳೋ. ಅವಳು ಕೋಲನ್ನು ಅಡ್ಡ ಹಾಕಿ, "ಹಿಡಿ, ಇದನ್ನ ಹಿಡಿ, ನನ್ನ ಬಿಡು," ಎಂದು ಕೂಗಿದಳು. ಹೇಗೋ ಹೊರಗೆ ಬಂದೆ, ಒಂದು ಶೂ ಗುಡ್ಡಕ್ಕೆ ಬಿಟ್ಟು. ಇಬ್ಬರೂ ಕೆಸರಲ್ಲಿ ಕೂತು ನಕ್ಕೆವು. ನಿಜವಾಗಿ ನಕ್ಕೆವು, ಕಣ್ಣಲ್ಲಿ ನೀರು ಬರುವ ಹಾಗೆ. "ಗ್ರಿಪ್ ಛಲೋ ಅದ ಖರೆ," ಅಂದಳು ಅಕ್ಕ, "ಗುಡ್ಡ ಬಿಡವಲ್ದು."

ನೆತ್ತಿಗೆ ಹೋಗಿ ಪತ್ರಿ ಕಿತ್ತೆವು. ಮೊದಲನೆಯ ದಳವನ್ನು ಅಲ್ಲೇ ಲಿಂಗಕ್ಕೆ ಏರಿಸುವುದು ಅಕ್ಕನ ರೂಢಿ. ಅವಳ ಕೈ ಕೊರಳಿಗೆ ಹೋಯಿತು. ಅಲ್ಲೇ ನಿಂತಿತು. ಸೆರಗು ಸರಿಸಿ ನೋಡಿದಳು. ಕುಪ್ಪಸದೊಳಗೆ ನೋಡಿದಳು. ಹಳೆಯ ಶಿವದಾರದ ಒಂದು ತುಂಡು ಮಾತ್ರ ಹೆಗಲ ಮೇಲೆ ಅಂಟಿಕೊಂಡಿತ್ತು.

ನಾನು ಏನೋ ಹೇಳಲು ಹೋದೆ. ಅವಳು ಕೈಯೆತ್ತಿದಳು. ಇಳಿಯತೊಡಗಿದಳು. ಜೌಗಿಗೆ ಬಂದರೆ ನಾವು ಬಿದ್ದ ಜಾಗ ಯಾವುದೆಂದೇ ತಿಳಿಯಲಿಲ್ಲ. ಹೆಜ್ಜೆಯ ಗುಂಡಿಗಳೆಲ್ಲ ನೀರು ತುಂಬಿ, ಮುಚ್ಚಿ, ಎಲ್ಲ ಕಡೆ ಒಂದೇ ಥರ ನೆಲ. ಅಕ್ಕ ಮೊಣಕಾಲೂರಿ ಎರಡೂ ಕೈಗಳನ್ನು ಮೊಣಕೈ ತನಕ ಒಳಗೆ ಬಿಟ್ಟು ಹುಡುಕಿದಳು. ನಾನೂ ಹುಡುಕಿದೆ. ನನ್ನ ಶೂ ಕೂಡ ಸಿಗಲಿಲ್ಲ. ಮಧ್ಯಾಹ್ನ ದಾಟಿತು. ಮೊದಲ ಬಾರಿ ಅವಳು ನನ್ನ ಮುಖ ನೋಡಿದಳು, ನನ್ನ ಕೊರಳು ನೋಡಿದಳು. "ನಿಂದು ಅದ ಅಲ್ಲಾ?" ಅಂದಳು. "ಅದ" ಅಂದೆ. "ಛಲೋ ಆತು," ಅಂದಳು, ಸಮಾಧಾನದಿಂದ.

ಮನೆಗೆ ಬಂದು ಸ್ನಾನ ಮಾಡಿ ಪೂಜೆಯ ಮಣೆಯ ಮೇಲೆ ಕೂತಳು. ಎಡಗೈ ತೊಡೆಯ ಮೇಲೆ ತೆರೆದುಕೊಂಡಿತ್ತು, ಖಾಲಿ. ಸೊಸೆ ನೀರಿನ ತಂಬಿಗೆ ತಂದು ನಿಂತಳು.

"ಅತ್ತಿ, ಗುಳಿಗಿನಾರ ತಗೋರಿ. ಬೀಪಿ ಗುಳಿಗಿ. ಒಂದ್ ಗುಟುಕು ನೀರಿಗಿ ಏನಾಗಂಗಿಲ್ಲ."

"ಲಿಂಗ ಇಲ್ಲದ ಕೊರಳಾಗ ನೀರು ಇಳಿಯಂಗಿಲ್ಲವ್ವ. ಒಯ್ಯಿ."

ಸೊಸೆ ಮಠದ ಅಯ್ಯನವರಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ಅಕ್ಕನ ಮುಂದೆ ಹಿಡಿದಳು. ಅಯ್ಯನವರು ಒಳ್ಳೆಯವರು, ವಯಸ್ಸಿನಲ್ಲಿ ಚಿಕ್ಕವರು. "ತಾಯಿ, ಫಿಕರ್ ಮಾಡಬ್ಯಾಡ್ರಿ. ಊಟ ಮಾಡ್ರಿ. ನಾಳಿ ನಾನ ಬರ್ತೀನಿ, ಹೊಸಾದು ಕಟ್ತೀನಿ. ದೋಷ ಇಲ್ಲ, ಶಾಸ್ತ್ರದಾಗ ದಾರಿ ಅದ."

"ಬುದ್ಧಿ," ಅಂದಳು ಅಕ್ಕ, "ಅದೇನು ಸಿಮ್ ಕಾರ್ಡೇನ್ರಿ? ಕಳೀತಂದ್ರ ಅದ ನಂಬರಿಂದು ಇನ್ನೊಂದು ತರಾಕ?"

ಅಯ್ಯನವರಿಗೆ ನಗು ಬಂತು. ನಮಗೂ ಬಂತು. ಅಕ್ಕನಿಗೆ ಮಾತ್ರ ಬರಲಿಲ್ಲ.

ಮರುದಿನ ಅವಳ ಮಗ, ಓಣಿಯ ನಾಲ್ಕು ಮಂದಿ ಸಲಿಕೆ ಹಿಡಿದು ಗುಡ್ಡಕ್ಕೆ ಹೋದರು. ಅಗೆದಷ್ಟೂ ಕೆಸರು ತಿರುಗಿ ಒಳಗೆ ಬರುತ್ತದೆ. ಬರಿಗೈಲಿ ಬಂದರು. ಅಯ್ಯನವರೇ ಬಂದು ಕೈಮುಗಿದು ಕೇಳಿಕೊಂಡರು. ಅಕ್ಕ ಅವರಿಗೆ ನಮಸ್ಕಾರ ಮಾಡಿದಳು, ಒಪ್ಪಲಿಲ್ಲ. ಅಂದು ಸಂಜೆಗೆ ಅವಳ ತುಟಿ ಬಿರಿದಿತ್ತು. ಮೂರನೆಯ ದಿನ ಬೆಳಿಗ್ಗೆ ಏಳಲು ಹೋಗಿ ಬಿದ್ದಳು. ಖೇಡಿನಿಂದ ಡಾಕ್ಟರ್ ಬಂದು ಸಲೈನ್ ಹಚ್ಚುತ್ತೇನೆಂದರೆ ಕೈ ಸೆರಗಿನೊಳಗೆ ಎಳೆದುಕೊಂಡಳು. "ಇನ್ನೊಂದು ದಿನ ಹಿಂಗ ಇದ್ರ ಕಿಡ್ನಿ ನಿಂದರ್ತಾವ," ಎಂದು ಅವರು ಅಂಗಳದಲ್ಲಿ ನನಗೆ ಹೇಳಿದರು. ಸೊಸೆ ಕಂಬಕ್ಕೆ ಒರಗಿ ಅಳುತ್ತಿದ್ದಳು. ಶೂ ಹಾಕಿದವಳು ನಾನು, ಕೊರಳು ಹಿಡಿದು ಜಗ್ಗಿದವಳು ನಾನು. ಆ ಮನೆಯಲ್ಲಿ ಯಾರೂ ಹಾಗೆ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

"ಇನ್ನೊಂದ್ಸಲ ಹುಡುಕಿ ಬರ್ತೀನಿ," ಎಂದು ಸೊಸೆಗೆ ಹೇಳಿ ಹೊರಟೆ. ಬರಿಗಾಲಲ್ಲಿ.

ಜೌಗಿನ ಅಂಚಿನ ಒಂದು ಕಲ್ಲಿನ ಮೇಲೆ ಕೂತು ನನ್ನ ಕೊರಳಿನ ಕರಡಿಗೆ ಬಿಚ್ಚಿದೆ. ಒಂದೇ ಅಚ್ಚು, ಒಂದೇ ಬೆಳ್ಳಿ. ಆದರೆ ನನ್ನದರ ಅಂಚುಗಳು ಇನ್ನೂ ಹರಿತವಾಗಿದ್ದವು, ಟ್ರಂಕಿನಲ್ಲೂ ಬ್ಯಾಗಿನಲ್ಲೂ ಮಲಗಿದ್ದ ವಸ್ತು. ಅಕ್ಕನದು ದಿನಾ ಹೆಬ್ಬೆರಳು ಆಡಿ ಆಡಿ ನದಿಯ ಕಲ್ಲಿನಂತಾಗಿತ್ತು. ಮುರುಮಿನ ಮಣ್ಣು ತೆಗೆದುಕೊಂಡು ತಿಕ್ಕಿದೆ, ಕಲ್ಲಿಗೆ ಉಜ್ಜಿದೆ. ಅರವತ್ತು ವರ್ಷದ ಸವೆತವನ್ನು ಅರ್ಧ ಗಂಟೆಯಲ್ಲಿ ಮಾಡಲು ಹೊರಟಿದ್ದೆ ನಾನು. ದಾರವನ್ನು ಹಲ್ಲಿನಿಂದ ಕಡಿದೆ. ಕೆಸರಿನಲ್ಲಿ ಒತ್ತಿ ತೆಗೆದೆ. ಸ್ಕೂಲಿನಲ್ಲಿ ಮಕ್ಕಳು ಬೇರೆಯವರ ನೋಟ್‌ಬುಕ್ಕಿನಿಂದ ನಕಲು ಹೊಡೆದಾಗ ನಾನು ಒಂದೇ ನೋಟಕ್ಕೆ ಹಿಡಿಯುತ್ತಿದ್ದೆ. ನನ್ನ ನಕಲು ಎಷ್ಟು ಕೆಟ್ಟದಾಗಿದೆ ಎಂದು ನನಗೆ ಗೊತ್ತಿತ್ತು. ಸೆರಗನ್ನು ಕೊರಳ ಸುತ್ತ ಎಳೆದು ಪಿನ್ನು ಹಾಕಿಕೊಂಡು ಇಳಿದೆ.

"ಸಿಕ್ತು," ಅಂದೆ ಬಾಗಿಲಲ್ಲೇ. ನನ್ನ ದನಿ ನನಗೇ ಸ್ಕೂಲ್ ಡೇ ನಾಟಕದಂತೆ ಕೇಳಿಸಿತು.

ಸೊಸೆ ಕೂಗಿಕೊಂಡು ಓಡಿ ಬಂದಳು. ಅಕ್ಕನನ್ನು ಎತ್ತಿ ಕೂರಿಸಿದೆವು. ಕೆಸರು ಮೆತ್ತಿದ ಕರಡಿಗೆಯನ್ನು ಅವಳ ಎಡಗೈಯಲ್ಲಿಟ್ಟೆ. ಅವಳ ಬೆರಳು ಮುಚ್ಚಿದವು. ಹೆಬ್ಬೆರಳು ಮಾತ್ರ ಹೊರಗಿದ್ದು, ಅಂಚಿನ ಮೇಲೆ ಒಮ್ಮೆ ಈ ಕಡೆಯಿಂದ ಆ ಕಡೆಗೆ ಹೋಯಿತು. ಮತ್ತೆ ಆ ಕಡೆಯಿಂದ ಈ ಕಡೆಗೆ ಬಂತು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ.

"ಮಣಿಮ್ಯಾಲ ಕೂಡಸ್ರಿ," ಅಂದಳು ಕೊನೆಗೆ. "ಎಲ್ಲಾರೂ ಜರಾ ಹೊರಗ ಹೋಗ್ರಿ."

ಬಹಳ ಹೊತ್ತು ಹಿಡಿಯಿತು. ಬಾಗಿಲ ಆಚೆ ನಾವು ನಿಂತಿದ್ದೆವು. ನೀರು ಹನಿಸುವ ಸದ್ದು, ವಿಭೂತಿ ಗಟ್ಟಿ ತೇಯುವ ಸದ್ದು, ಆಮೇಲೆ ಏನೂ ಇಲ್ಲ. ಆಮೇಲೆ ಅವಳ ದನಿ. "ನೀರು ತಾರವ್ವ."

ಕುಡಿದಳು. ಸೊಸೆ ಗಂಜಿ ಕುಡಿಸಿದಳು, ಗುಳಿಗೆ ಕೊಟ್ಟಳು. ಮುಖಕ್ಕೆ ಬಣ್ಣ ಬಂದ ಮೇಲೆ ಅಕ್ಕ ನನ್ನ ಕಡೆ ತಿರುಗಿ, ಪಿನ್ನು ಹಾಕಿದ ಸೆರಗನ್ನು ನೋಡಿ, ಕಾಲು ನೋಡಿದಳು.

"ನಿನ್ನ ಬೂಟು ಸಿಗಲಿಲ್ಲೇನು?"

"ಇಲ್ಲ."

"ಲಿಂಗ ಸಿಕ್ತು, ಬೂಟು ಸಿಗಲಿಲ್ಲ," ಅಂದಳು. "ನಮ್ಮ ಗುಡ್ಡ ಭಾಳ ಶಾಣ್ಯಾ ಅದ."

ಅಷ್ಟೇ ಅಂದಳು. ಅವಳು ನಂಬಿದಳು ಎಂದುಕೊಂಡು ನಾನು ತಾಂಡೂರಿಗೆ ಬಂದೆ. ನಂಬಿದಳು ಎಂದುಕೊಳ್ಳುವುದು ನನಗೆ ಬೇಕಾಗಿತ್ತು.

ಮುಂದಿನ ಯುಗಾದಿ ಕಳೆದು ಎಂಟು ದಿನಕ್ಕೆ ಅಕ್ಕ ಹೋದಳು. ನಿದ್ದೆಯಲ್ಲಿ ಹೋದಳಂತೆ, ಬೆಳಗಿನ ಜಾವ. ನಾನು ಆಗ ಕ್ಯಾಟರಾಕ್ಟ್ ಆಪರೇಷನ್ ಆಗಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಹೈದರಾಬಾದಿನಲ್ಲಿ ಮಗಳ ಮನೆಯಲ್ಲಿದ್ದೆ. ಪ್ರಯಾಣ ಬೇಡವೇ ಬೇಡ ಎಂದಿದ್ದರು. ನಮ್ಮಲ್ಲಿ ಮಣ್ಣು ಕೊಡುವುದನ್ನು ತಡಮಾಡುವುದಿಲ್ಲ, ಅಂದು ಸಂಜೆಗೆ ಎಲ್ಲ ಮುಗಿದಿತ್ತು. ಸೊಸೆ ಫೋನಿನಲ್ಲಿ ಹೇಳಿದಳು. ಕೂಡಿಸಿ ಹೇಗೆ ಒಯ್ದರು, ಯಾರು ಯಾರು ಬಂದಿದ್ದರು, ಎಷ್ಟು ಪತ್ರಿ ಸುರಿದರು.

"ಲಿಂಗ ಅವರ ಎಡಗೈಯಾಗ ಇಟ್ಟೇವ್ರಿ, ಸಣ್ಣತ್ತಿ. ನೀವು ಗುಡ್ಡದಾಗ ಹುಡುಕಿ ತಂದದ್ದು. ನೀವು ಇಲ್ಲದಿದ್ರ ಆವತ್ತ ಖಾಲಿ ಕೈಲೆ ಹೋಗ್ತಿದ್ರು." ಸ್ವಲ್ಪ ಹೊತ್ತು ಅತ್ತು, ಆಮೇಲೆ ಅಂದಳು. "ಭಾಳ ಸೊರಗಿದ್ರು ನೋಡ್ರಿ. ಆವತ್ತಿಂದ ಅವರು ಒಂದ ಹೊತ್ತು ಉಣ್ತಿದ್ರು."

"ಯಾವತ್ತಿಂದ?"

"ಲಿಂಗ ಸಿಕ್ಕ ದಿವಸದಿಂದ್ರಿ. ಮುಂಜಾನಿ ಒಂದ್ ರೊಟ್ಟಿ, ಮುಗೀತು. ಮಧ್ಯಾಹ್ನ ಇಲ್ಲ, ಸಂಜಿಗಿ ಇಲ್ಲ. ಎಷ್ಟು ಜಗಳ ಆಡೇನಿ. ಯಾಕತ್ತಿ ಅಂದ್ರ, ನಂದೊಂದು ತೀರಸೋದು ಅದ ಅಂತಿದ್ರು. ಏನು ಹರಕಿ ಹೊತ್ತಿದ್ರೋ ಏನೋ. ನಿಮಗೇನರ ಹೇಳಿದ್ರೇನ್ರಿ?"

"ಇಲ್ಲ" ಅಂದೆ. ಫೋನು ಇಟ್ಟೆ. ಪಟ್ಟಿ ಕಟ್ಟಿದ ಕಣ್ಣಿನಿಂದ ಅಳಬಾರದು ಎಂದಿದ್ದರು ಡಾಕ್ಟರ್.

ಹನ್ನೆರಡು ವರ್ಷದ ಹುಡುಗಿಗಾಗಿ ಹೇಳಿದ ಸುಳ್ಳಿಗೆ ಒಂದು ಹೊತ್ತು ಬಿಟ್ಟರೆ ತೀರುತ್ತದೆ. ಎಪ್ಪತ್ತರ ಮುದುಕಿಗಾಗಿ ಹೇಳಿದ ಸುಳ್ಳಿಗೆ ಎಷ್ಟು? ಇನ್ನೊಬ್ಬರ ಲಿಂಗವನ್ನು, ಅದೂ ಗೊತ್ತಿದ್ದು, ಅಂಗೈಯಲ್ಲಿಟ್ಟು ಪೂಜೆ ಮಾಡಿ, 'ಸಿಕ್ತು' ಎಂದು ಮನೆಯವರ ಮುಂದೆ ಒಪ್ಪಿಕೊಂಡದ್ದಕ್ಕೆ ಎಷ್ಟು? ಅಕ್ಕ ಲೆಕ್ಕ ಹಾಕಿರಬೇಕು, ಮುಗಿಯುವಂಥದ್ದಲ್ಲ ಎಂದು ಕಂಡಿರಬೇಕು. ಅವಳು ಬೇಕಾದರೆ ಆ ಮೊದಲ ನಿಮಿಷದಲ್ಲೇ, ಹೆಬ್ಬೆರಳು ಹೇಳಿದ ಕೂಡಲೇ, "ಇದು ನಂದಲ್ಲ" ಎಂದು ತಿರುಗಿ ಕೊಟ್ಟು ಕಣ್ಣು ಮುಚ್ಚಬಹುದಾಗಿತ್ತು. ಅವಳ ಧರ್ಮಕ್ಕೆ ಅದೇ ಸರಿಯಾಗಿತ್ತು. ಹಾಗೆ ಮಾಡಿದ್ದರೆ ಅಕ್ಕನನ್ನು ಕೊಂದವಳಾಗಿ ನಾನು ಉಳಿಯುತ್ತಿದ್ದೆ. ಅದಕ್ಕೇ ನೀರು ಕುಡಿದಳು. ಅಪ್ಪನ ಮುಂದೆ ಹೇಳಿದ ಹಾಗೆಯೇ, ಈ ಸಲ ಮಾತ್ರ ಒಂದು ಕ್ಷಣ ತಡಮಾಡಿ, ನನ್ನ ಪರವಾಗಿ ಇನ್ನೊಂದು ಸಾರಿ ಸುಳ್ಳು ಹೇಳಿದಳು.

ಕಳೆದ ಶ್ರಾವಣ ನಾನು ಸೊಸೆಯ ಜೊತೆ ಪತ್ರಿಗುಡ್ಡ ಹತ್ತಿದೆ. ಸೊಸೆ ಮುಂದೆ, ನಾನು ಹಿಂದೆ. ಜೌಗಿನಲ್ಲಿ ಒಂದು ಕಡೆ ನಿಂತು ಕೈ ಒಳಗೆ ಬಿಟ್ಟೆ. "ಏನು ಹುಡುಕ್ತೀರಿ ಸಣ್ಣತ್ತಿ, ಸಿಕ್ಕೇ ಬಿಟ್ಟದಲ್ಲ?" ಅಂದಳು. "ನನ್ನ ಬೂಟು" ಅಂದೆ. ಅವಳು ನಕ್ಕಳು. ಆ ರಾತ್ರಿ ನಾನು ಉಣ್ಣಲಿಲ್ಲ. ಒಂದು ಹೊತ್ತು ಬಿಡುವುದು ಎಷ್ಟು ಸುಲಭ ಎಂದು ಅನ್ನಿಸಿ, ಮಲಗಿದ ಮೇಲೆ ಇನ್ನೂ ಅಳು ಬಂತು.

ನಾನು ಅಕ್ಕನನ್ನು ಕೊನೆಯ ಸಾರಿ ನೋಡಿದ್ದು ಎಳ್ಳಮಾಸಿಗೆ, ಎಂದರೆ ಎಳ್ಳು ಅಮಾವಾಸ್ಯೆಗೆ, ಅವಳು ಹೋಗುವುದಕ್ಕೆ ಮೂರು ತಿಂಗಳು ಮೊದಲು. ಹಬ್ಬಕ್ಕೆಂದು ಹೋಗಿದ್ದೆ, ಬರಿಗೊರಳಿಗೆ ಸ್ಕಾರ್ಫ್ ಸುತ್ತಿಕೊಂಡು, ಚಳಿಯ ನೆಪ. ಹೊಲದಲ್ಲಿ ಎಲ್ಲರೂ ಸಾಲಾಗಿ ಕೂತು ಭಜ್ಜಿ, ಕಡಬು, ಅಂಬಲಿ ಉಂಡೆವು. ಅಕ್ಕ ಬಡಿಸುತ್ತ ತಿರುಗಿದಳು. ನನಗೆ ಎರಡು ಸಾರಿ ಒತ್ತಾಯ ಮಾಡಿ ಬಡಿಸಿದಳು. "ನೀನೂ ಕೂಡು" ಎಂದರೆ, "ನಂದು ಮುಂಜಾನಿ ಆಗ್ಯಾದ" ಅಂದಳು. ವಯಸ್ಸಾಯಿತು, ಜೀರ್ಣ ಆಗುವುದಿಲ್ಲ ಎಂದುಕೊಂಡೆ. ಕೈ ಸಣ್ಣಗಾಗಿ ಬಳೆ ಮೊಣಕೈಯ ಹತ್ತಿರ ಹೋಗಿದ್ದನ್ನು ನೋಡಿದೆ. ನೋಡಿ ಇನ್ನೊಂದು ಕಡಬು ತೆಗೆದುಕೊಂಡೆ.

ಮರುದಿನ ಮಧ್ಯಾಹ್ನ ಮನೂರಿನ ತನಕ ಕಳಿಸಲು ಬಂದಳು. ನಾನು ಬೇಡವೆಂದರೂ ಬಂದಳು. ಆಟೋದವನು "ಖೇಡ್, ಖೇಡ್, ಖೇಡ್" ಎಂದು ಕೂಗುತ್ತಿದ್ದ. ಇನ್ನೂ ಇಬ್ಬರು ಬರಲಿ ಎಂದು ಕಾಯಿಸುತ್ತಿದ್ದ. ಎದುರಿನ ಬೇಕರಿಯಿಂದ ಎರಡು ಬನ್ ತಂದು ಒಂದನ್ನು ಅವಳ ಕೈಗೆ ಕೊಟ್ಟೆ. ಚಿಕ್ಕವಳಿದ್ದಾಗ ರಜೆಗೆ ಬರುವಾಗೆಲ್ಲ ನಾನು ಶಹರದಿಂದ ಅವಳಿಗೆ ತರುತ್ತಿದ್ದದ್ದು ಅದೇ, ಸಿಹಿ ಬನ್.

"ತಿನ್ನು. ಬಿಸಿ ಅದ."

"ತಿಂತೀನಿ ಬಿಡು."

"ಈಗ ತಿನ್ನು, ನನ್ನ ಮುಂದ."

"ಏ, ಮೇಮ್‌ಸಾಬ್ ಹುಕುಂ ಮಾಡಾಕತ್ತಾಳ ನೋಡ್ರಪ್ಪ," ಎಂದು ಆಟೋದವನಿಗೆ ಹೇಳಿದಳು. ಆಮೇಲೆ ನನಗೆ, ಸಣ್ಣ ದನಿಯಲ್ಲಿ, "ನಾಳಿ ಮುಂಜಾನಿ ತಿಂತೀನಿ. ಖರೇನ ತಿಂತೀನಿ."

ನನ್ನ ಸ್ಕಾರ್ಫಿನ ತುದಿ ಗಾಳಿಗೆ ಬಿಚ್ಚಿತ್ತು. ಅದನ್ನು ಅವಳೇ ಎಳೆದು ನನ್ನ ಕೊರಳ ಸುತ್ತ ಇನ್ನೊಂದು ಸುತ್ತು ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿದಳು. "ಥಂಡಿ ಅದ. ಮುಚ್ಕೊಂಡು ಕೂಡು," ಅಂದಳು.

ಆಟೋ ಹೊರಟಿತು. ಹಿಂದಿನ ಸೀಟಿನಿಂದ ತಿರುಗಿ ನೋಡಿದೆ. ರಸ್ತೆಯಂಚಿನಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಕಾಗದ ಬಿಚ್ಚದ ಬನ್ನು, ಇನ್ನೊಂದು ಕೈ ಎದೆಯ ಮೇಲೆ, ಕರಡಿಗೆ ಅಲುಗಾಡದ ಹಾಗೆ ಹಿಡಿದುಕೊಂಡು.